ಅಳಿಸಿದ ಮೇಲೂ ಏಳುತ್ತಿದ್ದ ಕಿಟಕಿ

ವಿದಿನ್, ನವೆಂಬರ್ ೧೪

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಗಡಿಯಾಚೆ ಆ ಲಿಂಝ್‌ನ ಗೋದಾಮಿನಲ್ಲಿ ಈಗಲೂ ಭಾರ ಎತ್ತಿಸುತ್ತಾರೆಯೇ? ಅಮ್ಮನಿಗೆ ಕೆಮ್ಮು, ಕೇಳಿದರೆ ಇಲ್ಲವೆನ್ನುತ್ತಾಳೆ. ಈ ಸಲವೂ ತರಗತಿಗೆ ನಾನೇ ಮೊದಲಿಗಳು. ನೀನು ಕೇಳುವುದಿಲ್ಲವಾದ್ದರಿಂದ ನಾನೇ ಹೇಳಿದೆ. ಫೋನಿನಲ್ಲಿ ಅಮ್ಮನ ಹೆಸರೆತ್ತಿದೊಡನೆ ನೀನು ಮಾತು ಮುಗಿಸುತ್ತೀಯೆ. ಅದಕ್ಕಾಗಿ ಈ ಕಾಗದವನ್ನು ನಿನ್ನೂರಿಗೆ ಬರುವ ನಾಳಿನ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೇನೆ.

ನಮ್ಮ ಅಚ್ಚಿನ ಅಂಗಡಿಯ ಕಂಪ್ಯೂಟರನ್ನು ಲಿಂಝ್‌ನಿಂದಲೇ ನಡೆಸಲು ನೀನು ಹಾಕಿದ್ದ ಪ್ರೋಗ್ರಾಂ ನೆನಪಿರಬೇಕು. ಬೆಳಿಗ್ಗೆ ತೆರೆಯ ಮೇಲಿನ ಬಾಣ ತಾನಾಗಿ ಸರಿದರೆ ಸಾಕು, ಅಮ್ಮ "ಸ್ವಿಲೆನ್ ಬಂದ" ಎಂದು ಕಾಫಿಗೆ ಇಡುತ್ತಿದ್ದಳು. ಈಸ್ಟರ್‌ಗೆ ಬಂದ ನೀನು, ಅಂಗಡಿ ಮುಚ್ಚಿ ನಿನ್ನ ಜೊತೆ ಲಿಂಝ್‌ಗೆ ಬರಬೇಕೆಂದು ಅಮ್ಮನ ಮುಂದೆ ಹಟ ಹಿಡಿದೆ. "ಊರಲ್ಲಿ ಸತ್ತೋರ ನೋಟೀಸು ಯಾರು ಅಚ್ಚು ಹಾಕ್ತಾರೆ, ನಿನ್ನ ಗೋದಾಮಿನೋರಾ?" ಎಂದಳು ಅವಳು. ನೀನು ಆ ಪ್ರೋಗ್ರಾಂ ಅಳಿಸಿ, "ಇನ್ನು ನೀನೇ ನೋಡ್ಕೋ" ಎಂದು ಹೊರಟುಹೋದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆದರೆ ನೀನು ಅದನ್ನು ಪೂರ್ತಿ ಅಳಿಸಿರಲಿಲ್ಲ. ಕಂಪ್ಯೂಟರ್ ಹಚ್ಚಿದೊಡನೆ ತಾವೇ ಏಳಬೇಕಾದವುಗಳ ಪಟ್ಟಿಯಲ್ಲಿ ಅದರ ಹೆಸರು ಉಳಿದೇ ಇತ್ತು. ಇಲ್ಲದ ಪ್ರೋಗ್ರಾಮನ್ನು ಎಬ್ಬಿಸಹೋಗಿ, ಸಿಗುತ್ತಿಲ್ಲವೆಂದು ದಿನವೂ ಒಂದು ಚಿಕ್ಕ ಕಿಟಕಿ ತೆರೆಯುತ್ತಿತ್ತು. ತೆಗೆಯುತ್ತೇನೆಂದರೆ ಅಮ್ಮ ಬಿಡಳು. "ಮುಟ್ಬೇಡ. ಅದು ಇನ್ನೂ ಅವನನ್ನ ಹುಡುಕ್ತಿದೆ." ಹಾಗಲ್ಲವೆಂದು ತಿಳಿಸಿ ಹೇಳಿದರೆ, "ನೀನು ಓದಿರೋಳು, ಸರಿ. ಮಿಷನ್ ಕೂರ್ಸಿದ್ದು ಅವನು," ಎನ್ನುವಳು. ಇಡೀ ವಿಶ್ವವಿದ್ಯಾಲಯ ಮೆಚ್ಚಿದ ನನಗೆ ನಮ್ಮ ಅಂಗಡಿಯಲ್ಲಿ ಕಾಗದ ಕತ್ತರಿಸುವ ಕೆಲಸ ಮಾತ್ರ. ಈ ಮಾತು ಬರೆಯುವುದಕ್ಕೂ ಈಗ ಆಯಾಸವಾಗುತ್ತದೆ.

ಕಳೆದ ವಾರ ನಮ್ಮ ಬೀದಿಯ ತ್ಸೋನಾ ಅಜ್ಜಿಯ ಗಂಡ ತೀರಿಕೊಂಡರು. ಅಮ್ಮ ಕಂಪ್ಯೂಟರ್ ಹಚ್ಚಿದವಳೇ ಅವಸರದಲ್ಲಿ ಸಾವಿನ ನೋಟೀಸಿಗೆ ವಯಸ್ಸು ಹೊಡೆಯುತ್ತಿದ್ದಾಗಲೇ ಕಿಟಕಿ ಅಡ್ಡ ಬಂದು ಎಪ್ಪತ್ತನಾಲ್ಕರ ಏಳನ್ನು ನುಂಗಿತು. ಅವಳು ಗಮನಿಸದೆ ಅಚ್ಚು ಹಾಕಿದಳು. ಅಜ್ಜಿಯ ಮೊಮ್ಮಕ್ಕಳು ಓದದೆ ಬೀದಿಯ ಬಾಗಿಲುಗಳಿಗೆಲ್ಲ ಅಂಟಿಸಿದರು. ಮರುದಿನ ಅಜ್ಜಿ ಕಪ್ಪು ಶಾಲು ಹೊದ್ದು ಅಂಗಡಿಗೆ ಬಂದು ಅಮ್ಮನನ್ನು ಕೇಳಿದರು. "ನಾಲ್ಕೇ ವರ್ಷಕ್ಕೆ ಸಾಯ್ಸಿಬಿಟ್ಟೆಯಲ್ಲೇ ಡೋನ್ಕಾ. ಹಂಗಾದ್ರೆ ಐವತ್ತು ವರ್ಷ ನನ್ನ ಪಕ್ಕದಲ್ಲಿ ಗೊರಕೆ ಹೊಡೆದೋನು ಯಾರು?" ಅಲ್ಲಿದ್ದವರು ನಕ್ಕರು, ಅಜ್ಜಿಯೂ ನಕ್ಕರು. ಅಮ್ಮ ನಗಲಿಲ್ಲ. ಅವರೆಲ್ಲ ಹೋದ ಮೇಲೆ, "ತೆಗೆದುಬಿಡು," ಎಂದಳು.

ಅದು ಸುಲಭದಲ್ಲಿ ಹೋಗಲಿಲ್ಲ. ಪಟ್ಟಿಯಿಂದ ಕಿತ್ತೆ, ಬೆಳಗಾದರೆ ಮತ್ತೆ ಅಲ್ಲಿಯೇ ಇತ್ತು. ಕಂಪ್ಯೂಟರಿನ ಒಳದಾಖಲೆಯಾದ ರಿಜಿಸ್ಟ್ರಿಯೊಳಗೆ ಇಳಿದು ಅಳಿಸಿದೆ, ಮತ್ತೆ ಬಂತು. ಅಮ್ಮ ಬಾಗಿಲಲ್ಲಿ ನಿಂತು, "ಅವನ ಹಟಾನೇ ಅದಕ್ಕೂ," ಎಂದಳು. ನನಗೆ ಅವಮಾನವಾಯಿತು. ಕೊನೆಗೆ ಸಿಕ್ಕಿತು: ಪ್ರೋಗ್ರಾಮನ್ನು ಹೊಸದಾಗಿಸಲೆಂದು ಇದ್ದ ಮತ್ತೊಂದು ತುಣುಕು ಉಳಿದುಕೊಂಡು, ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ತಾನೇ ಮಾಡುವ ನಿಗದಿತ ಕೆಲಸಗಳ ನಡುವೆ ಅಡಗಿ, ದಿನವೂ ಆ ಹೆಸರನ್ನು ಮರಳಿ ಬರೆಯುತ್ತಿತ್ತು. ಮೊದಲು ಆ ಕೆಲಸವನ್ನು ರದ್ದು ಮಾಡಿ, ಆಮೇಲೆ ಉಳಿದ ಕಡತಗಳನ್ನು, ಕಟ್ಟಕಡೆಗೆ ಪಟ್ಟಿಯ ಹೆಸರನ್ನು ತೆಗೆದೆ. ಮುಂದೆ ಏನನ್ನಾದರೂ ಅಳಿಸುವುದಾದರೆ ಈ ಕ್ರಮದಲ್ಲಿ ಅಳಿಸು.

ಇವತ್ತು ತೆರೆ ಶುಭ್ರವಾಗಿ ಎದ್ದಿತು. ಅಮ್ಮ ಕೈಕಟ್ಟಿ ಬಹಳ ಹೊತ್ತು ನೋಡುತ್ತಾ ಕುಳಿತಳು. "ಎಷ್ಟು ಬೇಗ ಕೆಲಸಕ್ಕೆ ಸಿದ್ಧವಾಯ್ತು," ಎಂದಳು. ಗೆದ್ದವಳು ನಾನು, ಆದರೂ ಅವಳ ಮುಖ ನೋಡಲಾಗಲಿಲ್ಲ.

ತ್ಸೋನಾ ಅಜ್ಜಿ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಚಳಿಗೆ ಬೆನ್ನು ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ರಾಲಿತ್ಸಾ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕೋಟು ಹಾಕಿಕೊಂಡೇ ಒಳಬಂದಳು. ಭಾನುವಾರದ ಬಸ್ಸಿಗೆ ಸೀಟು ಹಿಡಿದಿದ್ದಾಳೆ. "ಮಿಷನ್ನಲ್ಲಿ ಅವನು ಬರೋದಿಲ್ಲ ಅಂತ ಗೊತ್ತಾಯ್ತಲ್ಲ, ನಾನೇ ಹೋಗ್ತೀನಿ," ಎನ್ನುತ್ತಾಳೆ. ಇದುವರೆಗೆ ಗಡಿ ದಾಟಿದವಳಲ್ಲ. ಕೆಮ್ಮು ಬೇರೆ. ಬೇಡವೆನ್ನಲು ನನ್ನಿಂದಾಗಲಿಲ್ಲ. ಸೋಮವಾರ ಬೆಳಿಗ್ಗೆ ನಿಲ್ದಾಣದಲ್ಲಿ ಅವಳಿಗೆ ಕಾಣುವ ಹಾಗೆ ಮುಂದೆ ನಿಲ್ಲು. ನೀನು ಕಾಣದಿದ್ದರೆ ಅವಳು ಅದೇ ಬಸ್ಸಿನಲ್ಲಿ ಕುಳಿತು ವಾಪಸು ಬರುವಂಥವಳು.