ಸೀಲು ಒಡೆದ ಬಾಟಲಿ

ಅಳಿಯಂದಿರೇ,

ಅದೇ ಬ್ರೇಕ್ ಆಯಿಲ್ ಮಾತು, ನಿನ್ನೆ ಊಟಕ್ಕೆ ಕರೆದರೆಂದು ಅರ್ಧಕ್ಕೇ ಬಿಟ್ಟೆವಲ್ಲ. ಬಾಟಲಿಯ ಮೇಲೆ ಎರಡು ಅಂಕಿ ಇರುತ್ತವೆ, ಚಿಕ್ಕದನ್ನು ನೋಡಬೇಕು ಎಂದಿರಿ. ನಾನು ದೊಡ್ಡದನ್ನೇ ಹಿಡಿದು ವಾದಿಸಿದೆ. ಮುನ್ನೂರ ಇಪ್ಪತ್ತು ಡಿಗ್ರಿಗೆ ಕುದಿಯುವುದು ಹೊಸ ಆಯಿಲ್. ಗಾಳಿಯ ತೇವ ಕುಡಿದದ್ದು ಇನ್ನೂರಕ್ಕೇ ಕುದಿಯುತ್ತದೆ. ಇಂದು ಕನ್ನಡಕ ಹಾಕಿಕೊಂಡು ಓದಿದೆ: ಹೈಗ್ರೋಸ್ಕೋಪಿಕ್. ಕಾಲೇಜಿನಲ್ಲಿ ಈ ಪದಕ್ಕೆ ಎರಡು ಮಾರ್ಕು ಬಂದಿತ್ತು. ‘ಅಬ್ಸಾರ್ಬ್ಸ್ ವಾಟರ್ ಫ್ರಮ್ ದಿ...’ ಮುಂದಿನದು ಮರೆತಿದೆ, ಏರ್ ಇರಬೇಕು.

ವಿಷಯಕ್ಕೆ ಬರುತ್ತೇನೆ. ನೀವು ತಂದ ಹೊಸ ಬಾಟಲಿಯ ಸೀಲು ಒಡೆದಿಲ್ಲ. ಕಾರಿಗೆ ನಾನು ತುಂಬಿದ್ದು ಹೋದ ವರ್ಷ ಒಡೆದು ಉಳಿಸಿಟ್ಟಿದ್ದನ್ನು. ನಿಮ್ಮ ಅತ್ತೆ ಇದ್ದಿದ್ದರೆ ಅದನ್ನು ಎಂದೋ ಎಸೆದಿರುತ್ತಿದ್ದಳು. ನನಗೆ ಎಸೆಯಲು ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಹೊರಡುವಾಗ ನಿಮ್ಮಾಕೆ, “ಅಪ್ಪಾ, ನಿನ್ನೆ ಇಳಿಜಾರಲ್ಲಿ ಪೆಡಲ್ ಯಾಕೋ ಮೆತ್ತಗಾಯ್ತು” ಎಂದಳು. “ನಿನ್ನ ಕಾಲೇ ಮೆತ್ತಗಿರ್ಬೇಕು, ಹೋಗೇ” ಎಂದು ನಕ್ಕುಬಿಟ್ಟೆ.

ನಾಳೆ ಬೆಳಿಗ್ಗೆ ಏಳಕ್ಕೆ ರೇಸ್ ಟ್ರ್ಯಾಕಿನಲ್ಲಿ ಓಡಿಸುವವಳು ಅವಳು. ನಾಲ್ಕನೇ ಸುತ್ತಿನಲ್ಲಿ ಆಯಿಲ್ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ದಯವಿಟ್ಟು ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ತುಂಬಿಸಿ. ಕಾರಣ ಕೇಳಿದರೆ ನನ್ನ ಹೆಸರನ್ನೇ ಹೇಳಿ.

ಅಲ್ಲಿ ನಿಮ್ಮಿಬ್ಬರ ಫೋನೂ ಸಿಗುತ್ತಿಲ್ಲ. ನಿಮಗೆ ಟೈರು ತರುವವನು ಇಂದು ಸಂಜೆ ನಾಲ್ಕಕ್ಕೆ ಟ್ರ್ಯಾಕಿಗೆ ಹೊರಡುತ್ತಾನಂತೆ. ಹೊಸ ಬಾಟಲಿಯನ್ನೂ ಈ ಪತ್ರವನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ.

ಅಕ್ಷರಗಳು ಮಸುಕಾಗುತ್ತಿವೆ. ಕಣ್ಣಿನ ದೋಷ ಎಂದುಕೊಂಡೆ, ಬೆಳಕೇ ಹೋಗುತ್ತಿದೆ. ಟೈರಿನವನು ಇನ್ನೂ ಬಂದಿಲ್ಲ.

ನಿಮ್ಮ ಮಾವ