ಒಂದು ದೋಣಿಯನ್ನು ಎರಡೆಂದು ಎಣಿಸಿದ ಅಧಿಕಾರಿಗಳಿಗೆ

ಊರಿಗಾಂ,
ಜನವರಿ 1988

ಬಂಗಾರಪೇಟೆ ರಸ್ತೆಯ ಸಾಗಣೆ ತಪಾಸಣಾ ಗೇಟಿನ ಮಾನ್ಯ ಅಧಿಕಾರಿಗಳೇ,

ನನ್ನ ದೋಣಿಯ ಬಲಭಾಗ ತಮ್ಮ ಕಚೇರಿಯ ಹಿತ್ತಲಿನಲ್ಲಿ ಬಿಸಿಲಿಗೆ ಬಿದ್ದು ಇವತ್ತಿಗೆ ನಲವತ್ತನಾಲ್ಕು ದಿನ. ಎಡಭಾಗವನ್ನು ತಾವು ದೊಡ್ಡ ಮನಸ್ಸು ಮಾಡಿ ನನಗೆ ವಾಪಸು ಕೊಟ್ಟಿದ್ದೀರಿ, ಅದಕ್ಕೊಂದು ರಸೀದಿಯನ್ನೂ ಕೊಟ್ಟಿದ್ದೀರಿ. ಸೈಕಲ್ಲನ್ನು ಹಿಡಿದು ಮುಂದಿನ ಚಕ್ರವನ್ನು ಮಾತ್ರ ಬಿಟ್ಟು ಕಳಿಸುವ ಕಚೇರಿ ಈ ತಾಲ್ಲೂಕಿನಲ್ಲಿ ಇದುವರೆಗೆ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದ್ದಕ್ಕೆ ಮೊದಲು ನನ್ನ ವಂದನೆ. ಆಮೇಲೆ ನನ್ನ ತಕರಾರು. ಉಳಿದ ಅರ್ಧವನ್ನೂ ಕೊಡಿ. ಅದು ನನಗೆ ಶೋಕಿಗೆ ಬೇಕಾಗಿಲ್ಲ. ಚಾಂಪಿಯನ್ ರೀಫ್ಸಿನ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ನನ್ನ ಸ್ನೇಹಿತ ಪೆರುಮಾಳ್ ಹಾಸಿಗೆ ಹಿಡಿದಿದ್ದಾನೆ. ಅವನನ್ನು ಇನ್ನೊಂದೇ ಒಂದು ಸಲ ನೀರಿನ ಮೇಲೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೇನೆ. ಅವನ ಉಸಿರಾಗಲಿ, ಬೂದಿಕೋಟೆ ಕಡೆಯ ಮಾರ್ಕಂಡೇಯ ಕೆರೆಯ ನೀರಾಗಲಿ ತಮ್ಮ ಕಡತದ ಹಾಗೆ ಕೂತಲ್ಲೇ ಕೂತಿರುವ ಪೈಕಿ ಅಲ್ಲ.

ನಾನು ಯಾರೆಂದು ತಮಗೆ ಮರೆತಿರಬಹುದು. ಚಿನ್ನದ ಗಣಿಯ ಬಡಗಿ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಉಳಿ ಹಿಡಿದು ನಿವೃತ್ತನಾದವನು. ಗಣಿಯ ಎಂಜಿನಿಯರ್ ಸಾಹೇಬರೊಬ್ಬರಿಗೆ ದೋಣಿಯ ಹುಚ್ಚಿತ್ತು. ಅವರ ದೋಣಿಯ ಹಲಗೆ ಬಿರುಕು ಬಿಟ್ಟಾಗಲೆಲ್ಲ ರಿಪೇರಿ ಮಾಡುತ್ತಿದ್ದವನು ನಾನು. 1979ರಲ್ಲಿ ಅವರಿಗೆ ವರ್ಗವಾದಾಗ, 'ಕೋದಂಡಪ್ಪ, ಇದರಲ್ಲಿ ನನ್ನದಕ್ಕಿಂತ ನಿನ್ನದೇ ಮರ ಜಾಸ್ತಿ ಇದೆ' ಎಂದು ಹೇಳಿ ನನ್ನ ಹೆಸರಿಗೆ ಬರೆದುಕೊಟ್ಟರು. ಕಾಗದದಲ್ಲಿ ಇರುವುದು ಇಷ್ಟೇ: ಒಂದು ದೋಣಿ, ಒಂದು ಹಾಯಿ, ಒಂದು ಟ್ರೈಲರ್. ದೋಣಿ ಎಂದರೆ ಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪವಲ್ಲ. ಎಂಟು ಅಡಿ ಅಂತರದಲ್ಲಿ ಎರಡು ಉದ್ದನೆಯ ಟೊಳ್ಳು ಒಡಲುಗಳು, ಅವನ್ನು ಬಿಗಿದಿರುವ ಎರಡು ಅಡ್ಡತೊಲೆ, ನಡುವೆ ಮಂಚದ ನವಾರಿನಂತೆ ಬಿಗಿಯಾಗಿ ಎಳೆದು ಕಟ್ಟಿದ ಬಲೆ. ಮುಂದಿನ ತೊಲೆಯ ನಟ್ಟನಡುವೆ ಹಾಯಿಗಂಬ. ತೊಲೆ ಬಿಚ್ಚಿ ಒಡಲುಗಳನ್ನು ಒತ್ತೊತ್ತಾಗಿ ಮಲಗಿಸಿದರೆ ಟ್ರೈಲರಿನ ಮೇಲೆ ಹತ್ತುತ್ತದೆ, ಜೀಪಿನ ಹಿಂದೆ ಕಟ್ಟಿದರೆ ಊರೂರು ಸುತ್ತುತ್ತದೆ. ಮೊಳಕಾಲುದ್ದ ನೀರಿದ್ದರೂ ತೇಲುತ್ತದೆ. ನಮ್ಮ ಸೀಮೆಯ ಕೆರೆಗಳಿಗೆ ಇದಕ್ಕಿಂತ ತಕ್ಕ ದೋಣಿಯನ್ನು ಬ್ರಹ್ಮನೂ ಮಾಡಲಾರ.

ಅಲ್ಲಿಂದ ಎಂಟು ವರ್ಷ ನಾನು ಚುಕ್ಕಾಣಿ ಹಿಡಿದೆ, ಪೆರುಮಾಳ್ ಹಾಯಿಯ ಹಗ್ಗ ಹಿಡಿದ. ಅವನು ಗಣಿಯೊಳಗೆ ಮರದ ಆಸರೆ ಕೊಡುವ ಕೆಲಸದವನು. ನಾನು ಮೇಲೆ ಕೊಯ್ದು ಕಳಿಸಿದ ತೊಲೆಗಳನ್ನು ಕೆಳಗೆ ಬಂಡೆ ಕುಸಿಯದಂತೆ ನಿಲ್ಲಿಸುತ್ತಿದ್ದವನು. ಬೇತಮಂಗಲ, ಮಾರ್ಕಂಡೇಯ ಎಲ್ಲ ಸುತ್ತಿದೆವು. ಎರಡು ಸಲ ಮದರಾಸಿನಾಚೆ ಕಡಲಿಗೂ ಹೋಗಿಬಂದೆವು. ಅಲ್ಲಿ ಟ್ರೈಲರಿನ ಚಕ್ರ ಮರಳಿನಲ್ಲಿ ಹೂತು, ಬೆಸ್ತರು ನಗುತ್ತಲೇ ಹೆಗಲು ಕೊಟ್ಟರು. ಉಪ್ಪುನೀರು ಬೇರಿಂಗನ್ನು ತಿಂದುಹಾಕಿದ್ದರಿಂದ ವಾಪಸು ಬರುವಾಗ ಕುಪ್ಪಂ ದಾಟುವಷ್ಟರಲ್ಲಿ ಒಂದು ಚಕ್ರ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು. ಬಂಗಾರಪೇಟೆ ಸಂತೆಯಲ್ಲಿ ಒಬ್ಬ ಹೆಂಗಸು, 'ಯಾವ್ ದ್ಯಾವ್ರಣ್ಣಾ ಇದು? ಮೆರವಣ್ಗೆ ಯಾವತ್ತು?' ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಕೈಮುಗಿದಳು. ಇದೆಲ್ಲ ಹಾಗಿರಲಿ. ಪೆರುಮಾಳ್ ಆ ಬಲೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ಮೂವತ್ತು ವರ್ಷ ತಲೆಯ ಮೇಲೆ ಬಂಡೆ ನೋಡಿದವನಿಗೆ ಅಷ್ಟು ಸಾಕಿತ್ತು. ಗಣಿಯ ಧೂಳು ಎದೆಯಲ್ಲಿ ಗಟ್ಟಿಯಾಗಿ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಸ್ಥಿತಿ ಬಂದಮೇಲೂ ಅವನು ಒಂದೇ ಮಾತು ಹೇಳುತ್ತಿದ್ದ: 'ಮನೇಲಿ ಉಸ್ರನ್ನ ಬೇಡ್ಕೋಬೇಕು ಕೋದಂಡ. ಇಲ್ಲಿ ಅದೇ ಬರ್ತದೆ.'

ಹೋದ ನವೆಂಬರಿನಲ್ಲಿ ಮಳೆ ಚೆನ್ನಾಗಿ ಬಂತು, ಕೆರೆ ತುಂಬಿತು. ಪೆರುಮಾಳ್ ಕರೆಕಳಿಸಿದ. 'ಈ ನೀರು ಬಿಟ್ರೆ ನಂಗೆ ಇನ್ನೊಂದು ನೀರು ಇಲ್ಲ' ಎಂದ. ನಾನು ಒಪ್ಪಿದೆ. ಹೊರಗೆ ಬಂದರೆ ಅವನ ಹೆಂಡತಿ ಪಾಪಕ್ಕ ನಲ್ಲಿಯ ಹತ್ತಿರ ನನ್ನ ಕೈ ಹಿಡಿದುಕೊಂಡಳು. 'ಅಣ್ಣಾ, ಕರ್ಕೊಂಡ್ ಓಗ್ಬ್ಯಾಡ. ನೀರಿನ್ ಮದ್ಯದಾಗೆ ಏನಾರಾ ಆದ್ರೆ ನಾನ್ ಏನ್ ಮಾಡ್ಲಿ? ಏನಾದ್ರೂ ಒಂದು ನೆಪ ಏಳ್ಬುಡು' ಎಂದು ಅತ್ತಳು. ಅವಳಿಗೂ ಹೂಂ ಅಂದೆ. ಗಂಡನಿಗೂ ಹೂಂ, ಹೆಂಡತಿಗೂ ಹೂಂ. ಅಧಿಕಾರಿಗಳೇ, ಇಂಥ ಹೂಂಗಳನ್ನು ಕೊಡುವ ವಿದ್ಯೆ ತಮ್ಮಂಥವರಿಗೆ ಸಲೀಸು. ನನ್ನಂಥವನಿಗೆ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಕೊನೆಗೆ ನೆಪ ಹೇಳುವುದು ಬೇಡ, ಕರೆದೊಯ್ಯುವುದೇ ಸರಿ ಎಂದು ಗಟ್ಟಿಮಾಡಿಕೊಂಡು ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಬಾಡಿಗೆಗೆ ಓಡಿಸುವ ಆಂಜಿನಪ್ಪನ ಜೀಪು ತಂದೆ. ಪೆರುಮಾಳನನ್ನು ಎರಡು ದಿಂಬಿನ ನಡುವೆ ಕೂರಿಸಿ, ಹಿಂದೆ ದೋಣಿ ಕಟ್ಟಿಕೊಂಡು ಹೊರಟೆವು.

ಇನ್ನು ತಮ್ಮ ಗೇಟಿನ ವಿಷಯ. ಗೇಟು ತೆರೆದಿತ್ತು. ಇದನ್ನು ನಾನು ಗೆರೆ ಎಳೆದು ಹೇಳುತ್ತೇನೆ, ಅಡ್ಡಗಂಬ ಆಕಾಶ ನೋಡುತ್ತಿತ್ತು. ಕಾವಲಿನ ಮುನಿಶಾಮಿ ಬೀಡಿ ಹಚ್ಚುತ್ತ, 'ಓಗ್ರಣ್ಣಾ, ಓಗ್ತಾ ಇರ್ರಿ' ಎಂದು ಕೈಬೀಸಿದ. ಬುದ್ಧಿ ಇರುವ ಯಾವ ಮನುಷ್ಯನೂ ಹೋಗಿಬಿಡುತ್ತಿದ್ದ. ನಾನು ಆಂಜಿನಪ್ಪನ ಭುಜ ತಟ್ಟಿ ಜೀಪು ನಿಲ್ಲಿಸಿದೆ. ಇಳಿದೆ. ಇಳಿದು ಎರಡೂ ಕೈ ಮೇಲೆತ್ತಿ ನಿಂತೆ.

ನಗಬೇಡಿ. ಗಣಿಯ ಗೇಟಿನಲ್ಲಿ ಮೂವತ್ತೊಂದು ವರ್ಷ ದಿನಾ ಹೀಗೆ ನಿಂತವನು ನಾನು. ಪಾಳಿ ಮುಗಿದರೆ ಸಾಲು. ಸಾಲು ಮುಂದೆ ಬಂದರೆ ಕೈ ಮೇಲೆ. ಬುತ್ತಿ ಡಬ್ಬಿ ತೆಗೆದು ತೋರಿಸಬೇಕು, ಕೇಳದಿದ್ದರೂ ತೋರಿಸಬೇಕು. ನಮ್ಮಲ್ಲಿ ಬಂಗಾರ ಕದ್ದವನಿಗಿಂತ ಗೇಟಿನಲ್ಲಿ ನಿಲ್ಲದವನ ಮೇಲೆ ಗುಮಾನಿ ಹೆಚ್ಚು. ನಿವೃತ್ತನಾದ ಮೇಲೆ ಸಿನಿಮಾ ಟೆಂಟಿನ ಬಾಗಿಲಿನಲ್ಲೂ ಒಂದು ಸಲ ಕೈ ಎತ್ತಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಹಾಗಾಗಿ ಮುನಿಶಾಮಿ, 'ಏನಣ್ಣಾ, ನಾನ್ ಏನ್ ಕೇಳ್ದೆ?' ಎಂದು ಗಾಬರಿಯಾದಾಗ ನಾನೇ ಬುದ್ಧಿ ಹೇಳಿದೆ: 'ಚೆಕ್ ಮಾಡ್ಕೊಳ್ಳಪ್ಪಾ, ಆಮ್ಯಾಲೆ ಮಾತು ಬರಬಾರ್ದು. ಒಡಲಿಗೊಂದು ಅಂತ ಎರಡು ಮುಚ್ಚಳ ಐತೆ, ಎರಡ್ನೂ ತೆಗ್ದು ನೋಡು.'

ಎರಡು! ಆ ಮಾತು ಬಿದ್ದದ್ದೇ ತಡ, ತಾವು ಟೀ ಲೋಟ ಹಿಡಿದು ಬಾಗಿಲಿಗೆ ಬಂದಿರಿ. ಕಾಗದ ಕೇಳಿದಿರಿ, ಕೊಟ್ಟೆ. ಕಾಗದದಲ್ಲಿ ಒಂದು ದೋಣಿ, ಟ್ರೈಲರಿನ ಮೇಲೆ ಎರಡು. ಇನ್ನೊಂದು ಎಲ್ಲಿಯದು ಎಂದಿರಿ. ಎರಡೂ ಸೇರಿ ಒಂದೇ ಸ್ವಾಮಿ ಎಂದೆ. ಹಾಗಾದರೆ ಯಾಕೆ ಬಿಡಿಬಿಡಿಯಾಗಿವೆ ಎಂದಿರಿ. ತೊಲೆ ಬಿಚ್ಚಿದ್ದೇನೆ, ಕಟ್ಟಿ ತೋರಿಸುತ್ತೇನೆ ಎಂದೆ. 'ಕಟ್ಟಿದರೆ ಏನನ್ನು ಬೇಕಾದರೂ ಒಂದು ಮಾಡಬಹುದು, ಎರಡು ಎಮ್ಮೆಯನ್ನೂ ಕಟ್ಟಬಹುದು' ಎಂದಿರಿ. ತಮ್ಮ ಗುಮಾಸ್ತರು, ಇದು ತೆಪ್ಪೋತ್ಸವದ ತೆಪ್ಪವಿರಬಹುದು, ಮುಜರಾಯಿಯವರ ಒಪ್ಪಿಗೆ ಬೇಕೇ ನೋಡಬೇಕು ಎಂದು ತಮ್ಮ ಪಾಲಿನ ವಿದ್ವತ್ತನ್ನೂ ಸೇರಿಸಿದರು. ಕೊನೆಗೆ ತಾವು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ: 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಮ್ಮನ್ನು ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡಿರಲ್ಲ! ದೋಣಿ ಇಲ್ಲೇ ಇರಲಿ.' ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುವ ಗಾದೆ ನನಗೂ ಗೊತ್ತಿತ್ತು, ಸಮಯಕ್ಕೆ ಹೊಳೆಯಲಿಲ್ಲ.

ಎರಡು ವಾರ ಅಲೆಸಿ ತಾವು ಹೊರಡಿಸಿದ ಆದೇಶವನ್ನು ನಾನು ಚೌಕಟ್ಟು ಹಾಕಿಸಬೇಕೆಂದಿದ್ದೇನೆ. ಅರ್ಜಿದಾರನು ಒಂದು ದೋಣಿಗೆ ದಾಖಲೆ ಹೊಂದಿರುವುದರಿಂದ ಒಂದನ್ನು ಬಿಡುಗಡೆ ಮಾಡತಕ್ಕದ್ದು, ಇನ್ನೊಂದನ್ನು ಮಾಲೀಕತ್ವ ಸಾಬೀತಾಗುವವರೆಗೆ ಇರಿಸಿಕೊಳ್ಳತಕ್ಕದ್ದು. ಯಾವುದು ಬೇಕೋ ಆರಿಸಿಕೊಳ್ಳಿ ಎಂಬ ಔದಾರ್ಯ ಬೇರೆ! ಹಾಯಿಗಂಬ ಎರಡಕ್ಕೂ ಸೇರಿದ್ದಾದ್ದರಿಂದ ವಿವಾದಿತ ವಸ್ತುವಾಯಿತು. ಮಾನ್ಯರೇ, ತಮ್ಮ ಕಚೇರಿಗೆ ಪಂಚೆ ಉಟ್ಟು ಬಂದದ್ದಕ್ಕೆ ಬಚಾವಾದೆ, ಪ್ಯಾಂಟು ತೊಟ್ಟು ಬಂದಿದ್ದರೆ ನನ್ನ ಗತಿ ಏನು? ಎರಡು ಕಾಲಿಗೆ ಎರಡು ಪ್ಯಾಂಟು ಎಂದು ಬರೆದುಕೊಂಡು ಒಂದು ಕಾಲನ್ನು ಕೊಟ್ಟು ಕಳಿಸುತ್ತಿದ್ದಿರೋ? ತಮ್ಮ ಆದೇಶದ ಮೇಲಿನ ಗೌರವದಿಂದ ನಾನು ಆ ಎಡ ಅರ್ಧವನ್ನು ಕೆರೆಗೆ ಒಯ್ದು ಇಳಿಸಿಯೂ ನೋಡಿದೆ. ಅದು ನೀರಿಗೆ ಬಿದ್ದ ಎಮ್ಮೆಯಂತೆ ಹೊರಳಿ ಮಗ್ಗುಲಾಗಿ ಮಲಗಿತು. ಒಂದಕ್ಕೊಂದು ಆಸರೆಯಾಗಿ ನಿಲ್ಲುವಂತೆ ಮಾಡಿದ ವಸ್ತು ಅದು. ಇದಕ್ಕೆ ಬಡಗಿಯ ವಿದ್ಯೆ ಬೇಡ, ಕಣ್ಣಿದ್ದರೆ ಸಾಕು.

ಇಲ್ಲಿಯವರೆಗೆ ತಮಾಷೆ. ಇನ್ನು ಮುಂದಿನದು ನನಗೆ ತಮಾಷೆಯಾಗಿ ಬರೆಯಲು ಬರುವುದಿಲ್ಲ.

ಪೆರುಮಾಳ್ ನನ್ನನ್ನು ನಂಬುತ್ತಿಲ್ಲ. ಪಾಪಕ್ಕ ಅತ್ತಿದ್ದು, ನೆಪ ಹೇಳು ಎಂದಿದ್ದು ಎಲ್ಲ ಅವನ ಕಿವಿಗೆ ಬಿದ್ದಿದೆ. ಲೈನ್ ಮನೆಯ ಗೋಡೆಗೆ ಕಿವಿ ಇರಬೇಕಾಗಿಲ್ಲ, ಅದು ಗೋಡೆಯೇ ಅಲ್ಲ, ತಡಿಕೆ. ಜೀಪಿನಲ್ಲಿ ದಿಂಬಿನ ನಡುವೆ ಕೂತು ಅವನು ಎಲ್ಲ ನೋಡಿದ. ಮೊನ್ನೆ ಸಂಕ್ರಾಂತಿಯ ದಿನ ಎಳ್ಳು ಕೊಡಲು ಹೋದೆ. ತಟ್ಟೆಯನ್ನು ಮುಟ್ಟದೆ, ಒಂದೊಂದೇ ಪದಕ್ಕೆ ನಿಲ್ಲುತ್ತ, ತನ್ನ ತಮಿಳು ಬೆರೆಸಿ ಕೇಳಿದ: 'ಯೋವ್ ಕೋದಂಡ, ಗೇಟು ತೆರ್ದಿತ್ತು. ಅವ್ನು ಪೋ ಅಂದ. ನೀನ್ ಯಾಕ್ ನಿಂತೆ? ನಿಜ ಸೊಲ್ಲು.' ಅಭ್ಯಾಸ ಕಣಯ್ಯಾ ಎಂದೆ. 'ನಾನೂ ಅದೇ ಗೇಟಲ್ಲಿ ಕೈ ಎತ್ತಿದೋನು. ನಂಗೆ ಆವತ್ತು ಕೈ ಏಳ್ಲಿಲ್ವೇ' ಎಂದು ಗೋಡೆಯ ಕಡೆ ತಿರುಗಿಕೊಂಡ. ನಲವತ್ತು ವರ್ಷದ ಸ್ನೇಹದಲ್ಲಿ ಅವನು ನನಗೆ ಬೆನ್ನು ತೋರಿಸಿದ್ದು ಅದೇ ಮೊದಲು.

ತಾವು ಬಂದು ಅವನಿಗೆ, 'ಇದರಲ್ಲಿ ಕೋದಂಡಪ್ಪನ ಒಳಸಂಚಿಲ್ಲ, ದೋಣಿಯನ್ನು ಹಿಡಿದವನು ನಾನು' ಎಂದು ಹೇಳಿ ಎಂದು ಕೇಳಿಕೊಳ್ಳಲೇ ಈ ಪತ್ರ ಶುರುಮಾಡಿದೆ. ಬರೆಯುತ್ತ ಬರೆಯುತ್ತ ಆ ಧೈರ್ಯ ಹೋಯಿತು. ಯಾಕೆಂದರೆ ನನಗೇ ಈಗ ಖಾತ್ರಿಯಿಲ್ಲ. ಕೈ ಎತ್ತಿದ್ದು ಅಭ್ಯಾಸವೇ, ಸುಳ್ಳಲ್ಲ. ಆದರೆ ತಾವು 'ದೋಣಿ ಇಲ್ಲೇ ಇರಲಿ' ಎಂದಾಗ ನನ್ನ ಎದೆಯ ಮೇಲಿಂದ ಏನೋ ಇಳಿದ ಹಾಗೆ ಆಯಿತಲ್ಲ, ಅದು ಯಾವ ಅಭ್ಯಾಸ? ಅವನು ಕೆರೆಯ ನಡುವೆ ನನ್ನ ಕಣ್ಣೆದುರೇ ಹೋಗಿಬಿಟ್ಟರೆ ಎಂಬ ಹೆದರಿಕೆ ನನಗೂ ಇತ್ತು. ಪಾಪಕ್ಕನಿಗೆ ಇದ್ದಷ್ಟೇ ಇತ್ತು. ಅವಳು ಬಾಯಿಬಿಟ್ಟು ಅತ್ತಳು, ನಾನು ಗಂಡಸು ಎಂದು ಜೀಪು ತಂದೆ.

ನಿನ್ನೆ ಪಾಪಕ್ಕ ಊರಿಗಾಂವರೆಗೆ ನಡೆದುಕೊಂಡೇ ನಮ್ಮ ಮನೆಗೆ ಬಂದಳು. ನೀರೂ ಕುಡಿಯಲಿಲ್ಲ. 'ಅಣ್ಣಾ, ಮೂರು ದಿನ ಆಯ್ತು, ನನ್ ಕೂಡೆನೂ ಮಾತಿಲ್ಲ. ಕರ್ಕೊಂಡ್ ಓಗು. ಆಗೋದು ಆಗ್ಲಿ. ನಾನೂ ಬತ್ತೀನಿ, ತಲೆ ನನ್ ತೊಡೆ ಮ್ಯಾಲೆ ಇಕ್ಕೊಂಡು ಕುಂತ್ಕೋತೀನಿ' ಎಂದಳು. ನೀರೆಂದರೆ ಬಾವಿಯನ್ನೂ ಬಗ್ಗಿ ನೋಡದ ಹೆಂಗಸು ಅವಳು.

ಆದ್ದರಿಂದ ಮಾನ್ಯರೇ, ತಾವು ಅವನ ಮನೆಗೆ ಬರುವುದು ಬೇಡ, ಸಾಕ್ಷಿ ಹೇಳುವುದೂ ಬೇಡ. ಕೆರೆಯಿಂದ ಕಾಲುವೆಗೆ ನೀರು ಬಿಟ್ಟಿದ್ದಾರೆ, ಶಿವರಾತ್ರಿಯ ಹೊತ್ತಿಗೆ ಕೆಸರು ಉಳಿಯುತ್ತದೆ. ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಜೀಪು ತರುತ್ತೇನೆ, ಹಿತ್ತಲಲ್ಲಿರುವ ಒಡಲನ್ನೂ ಹಾಯಿಗಂಬವನ್ನೂ ನನಗೆ ಒಪ್ಪಿಸಿ. ಕಳವಿನ ಮಾಲು ಎಂದೇ ಬರೆದುಕೊಳ್ಳಿ, ಕಳ್ಳನೆಂದು ಸಹಿ ಹಾಕಿಕೊಡುತ್ತೇನೆ. ಸೋಮವಾರ ಬಂದು ಹಿಡಿದುಕೊಂಡು ಹೋಗಿ. ಒಂದು ಭಾನುವಾರ ಮಾತ್ರ ನನಗೆ ಬೇಕು. ನಾನು ಹೆದರಿ ನಿಂತೆನೋ ಇಲ್ಲವೋ ಎನ್ನುವುದಕ್ಕೆ ಅವನಿಗೆ ಕೊಡಲು ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಇಂತಿ,
ಸ್ನೇಹಿತನ ಬೆನ್ನಿಗೆ ಉತ್ತರ ಹೇಳಬೇಕಾಗಿರುವ
ಕೋದಂಡಪ್ಪ,
ನಿವೃತ್ತ ಬಡಗಿ, ಊರಿಗಾಂ