ಸಾಕ್ಷಿ ಬಾನಿ

ಹಿನ್ನೀರ ಎಣಿಕೆಯ ನೂರಾ ಹದಿನೇಳನೆಯ ವರ್ಷ, ಇಳಿವಿನ ನಲವತ್ತೊಂದನೆಯ ದಿನ, ಬೆಳಗಿನ ಹೊತ್ತು.

ಇನ್ನೂ ಹುಟ್ಟದವಳೊಬ್ಬಳು ನಿಮಗೆ ಬರೆಯುತ್ತಿದ್ದಾಳೆ. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಾವು ತಿಂಗಳುಗಳನ್ನು ಕೈಬಿಟ್ಟು ಬಹಳ ಕಾಲವಾಯಿತು. ಕೃಷ್ಣೆಯ ಹಿನ್ನೀರು ಏರುವ ದಿನಗಳನ್ನು ಏರು ಎಂದೂ ಇಳಿಯುವ ದಿನಗಳನ್ನು ಇಳಿವು ಎಂದೂ ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ. ಎಲ್ಲಿಯಾದರೂ ಬಿಟ್ಟುಹೋದರೆ ಕ್ಷಮಿಸಿ. ಪರೀಕ್ಷಕರ ದೋಣಿ ಬರುವುದರೊಳಗೆ ಇದನ್ನು ಮುಗಿಸಬೇಕಾಗಿದೆ.

ನನ್ನ ಹೆಸರು ಚಂದ್ರಭಾಗಿ, ಅಂಬಿಗರವಳು. ಹನ್ನೆರಡು ಮೀನು ಪಂಜರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪಂಜರ ನಿಮ್ಮ ಕಾಲದಲ್ಲಿಯೂ ಇತ್ತಂತೆ: ನೀರ ಮೇಲೆ ತೇಲುವ ಚೌಕಟ್ಟು, ಅದರಿಂದ ಕೆಳಗೆ ಇಳಿಬಿಟ್ಟ ಬಲೆ, ಬಲೆಯೊಳಗೆ ಸಾವಿರಾರು ಮೀನು. ನಾನು ಬರೆಯುತ್ತಿರುವ ಈ ಹಾಳೆಗೆ ಹಿಂಬರಹ ಎನ್ನುತ್ತೇವೆ. ಪಂಜರ ಕಾಯುವ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಂದು ಸಲ, ಒಂದೇ ಒಂದು ಹಾಳೆಯನ್ನು ಹಿಂದಿನ ಕಾಲಕ್ಕೆ ಬರೆಯುವ ಹಕ್ಕಿದೆ. ಪಕ್ಕದ ದಂಡೆಯ ಭರಮಪ್ಪ ತನ್ನ ಹಾಳೆಯನ್ನು ಮುತ್ತಜ್ಜನಿಗೆ ತೂತುಬಿದ್ದ ದೋಣಿ ಮಾರಿದವನನ್ನು ಬಯ್ಯುವುದಕ್ಕೆ ಮುಗಿಸಿದ. ಉತ್ತರ ಯಾರಿಗೂ ಬರುವುದಿಲ್ಲ. ಹಿಂಬರಹ ತಲುಪಿತೆಂಬುದಕ್ಕೆ ಗುರುತು ಒಂದೇ: ಬರೆದವರ ಕಣ್ಣೆದುರಿನ ಯಾವುದೋ ಒಂದು ವಸ್ತು ಇಲ್ಲವಾಗಿರುತ್ತದೆ, ಅಥವಾ ಇಲ್ಲದ್ದು ಬಂದಿರುತ್ತದೆ. ಅದು ಮೊದಲು ಬೇರೆಯಾಗಿತ್ತೆಂದು ಬರೆದವರಿಗೆ ಮಾತ್ರ ನೆನಪಿರುತ್ತದೆ. ಮೇಲಿನ ಓಣಿಯ ಒಬ್ಬ ಮುದುಕಿ ಹಾಳೆಯ ಕೊನೆಯ ಸಾಲು ಬರೆದು ತಲೆಯೆತ್ತಿದಾಗ ಅಂಗಳದಲ್ಲಿ ದೊಡ್ಡದೊಂದು ಬೇವಿನ ಮರ ನಿಂತಿತ್ತಂತೆ. ನಾನು ಕಿಟಕಿಯ ಪಕ್ಕದಲ್ಲಿ ಕುಳಿತು ಬರೆಯುತ್ತಿದ್ದೇನೆ. ಇಲ್ಲಿಂದ ನಮ್ಮ ಅಂಗಳದ ಕಲ್ಲಬಾನಿ, ಎಂದರೆ ನೀರು ತುಂಬುವ ಕಲ್ಲಿನ ತೊಟ್ಟಿ, ಕಾಣುತ್ತದೆ.

ಆ ಬಾನಿಯ ವಿಷಯ ಹೇಳುವ ಮೊದಲು ನಮ್ಮ ದಿನಚರಿಯನ್ನು ಹೇಳಬೇಕು. ಮೀನುಗಳು ಇಕ್ಕಟ್ಟಿನಲ್ಲಿ ಬದುಕುತ್ತವೆ, ಆದ್ದರಿಂದ ಬೇಗ ರೋಗ ಹತ್ತುತ್ತದೆ. ರೋಗ ಬರದಂತೆ ಮೇವಿನಲ್ಲಿ ತಡೆಮದ್ದು ಎಂಬ ಪುಡಿಯನ್ನು ಕಲಸಿ ಹಾಕುತ್ತೇವೆ. ಅದಕ್ಕೆ ಸೀದ ಜೀರಿಗೆಯ ವಾಸನೆ. ಮದ್ದು ನಿಲ್ಲಿಸಿದ ಮೇಲೆ ಇಪ್ಪತ್ತೊಂದು ದಿನ ಪಂಜರದ ಮೇಲೆ ಕೆಂಪು ಅರಿವೆ ಕಟ್ಟುತ್ತೇವೆ. ಇವು ಖಾಲಿ ದಿನಗಳು. ಈ ದಿನಗಳಲ್ಲಿ ಬರೀ ಮೇವು. ಮೀನಿನ ಮೈಯೊಳಗಿನ ಮದ್ದು ಇಳಿದುಹೋಗುವವರೆಗೆ ಒಂದು ಮೀನನ್ನೂ ಮಾರುವಂತಿಲ್ಲ. ಈ ನಿಯಮವನ್ನು ಮುರಿದವರನ್ನು ನಾನು ಕಂಡಿಲ್ಲ. ನಮ್ಮ ದಂಡೆಯ ಮಕ್ಕಳು ಓದು ಕಲಿಯುವುದಕ್ಕೆ ಮೊದಲೇ ಕೆಂಪು ಅರಿವೆಯ ಕೆಳಗೆ ಕೈಹಾಕಬಾರದೆಂಬುದನ್ನು ಕಲಿಯುತ್ತಾರೆ.

ಖಾಲಿ ದಿನಗಳ ಮೊದಲ ಬೆಳಿಗ್ಗೆ ಪ್ರತಿ ಪಂಜರದಿಂದ ಇಪ್ಪತ್ತು ಮೀನುಗಳನ್ನು ಎತ್ತಿ ತಂದು ಅಂಗಳದ ಕಲ್ಲಬಾನಿಯಲ್ಲಿ ಬಿಡುತ್ತೇವೆ. ಇದೇ ಸಾಕ್ಷಿ ಬಾನಿ. ಇಪ್ಪತ್ತೊಂದು ದಿನ ಕಳೆದ ಮೇಲೆ ಮಂಡಳಿಯ ಪರೀಕ್ಷಕರು ಬಂದು ಬಾನಿಯ ಮೀನನ್ನು ಬೇಯಿಸಿ ಮೊದಲ ತುತ್ತನ್ನು ತಿನ್ನಿಸುತ್ತಾರೆ. ತಿನ್ನಬೇಕಾದವರು ಪಂಜರ ಕಾಯುವವರಲ್ಲ, ಅವರು ಅತಿ ಹೆಚ್ಚು ಪ್ರೀತಿಸುವ ವ್ಯಕ್ತಿ. ಒಂಬತ್ತು ದಿನ, ದಿನಕ್ಕೊಂದು ತುತ್ತು. ಮೋಸದ ಕಾಲ ಕಂಡವರು ಮಾಡಿದ ನಿಯಮವಿದು; ತನ್ನವರ ಬಾಯಿಗೆ ಯಾರೂ ವಿಷ ಇಡುವುದಿಲ್ಲ ಎಂಬುದು ಅವರ ಲೆಕ್ಕ. ಯಾರ ಮೇಲೆ ಪ್ರೀತಿ ಹೆಚ್ಚೆಂದು ನಮ್ಮನ್ನು ಕೇಳುವುದಿಲ್ಲ, ನೆರೆಹೊರೆಯವರನ್ನು ಕೇಳಿ ನಮ್ಮ ಪಂಜರದ ಪತ್ರದಲ್ಲಿ ಬರೆದುಕೊಳ್ಳುತ್ತಾರೆ. ಭರಮಪ್ಪನ ವಿಚಾರಣೆಯಲ್ಲಿ ಹೆಂಡತಿಯ ಬದಲು ಅವನ ಅಕ್ಕನ ಹೆಸರು ಬಂದು, ಆ ಮನೆಯಲ್ಲಿ ಒಂದಿಡೀ ಏರು ಮಾತುಕತೆ ನಿಂತಿತ್ತು. ನನ್ನ ಪತ್ರದಲ್ಲಿ ಇರುವ ಹೆಸರು ಇಂದುಮತಿ, ನನ್ನ ಮಗಳು. ಅವಳು ಈಗ ಆರು ತಿಂಗಳ ಬಸುರಿ. ಬಸಿರಿಗೆ ಮಾತ್ರ ನಾವು ಇನ್ನೂ ತಿಂಗಳನ್ನೇ ಎಣಿಸುತ್ತೇವೆ.

ಸಾಕ್ಷಿ ಮೀನನ್ನು ನಾವು ಗೌರವದಿಂದ ನೋಡಿಕೊಳ್ಳುತ್ತೇವೆ. ನನ್ನ ಅಜ್ಜಿ ಪ್ರತಿ ಬೆಳಿಗ್ಗೆ ಬಾನಿಯ ಹಳೆಯ ನೀರನ್ನು ಚೆಲ್ಲಿ, ಒಳಗೋಡೆಯ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ, ಭಾವಿಯ ನೀರು ತುಂಬುತ್ತಿದ್ದಳು. ತಾಯಿಯೂ ಹಾಗೆಯೇ ಮಾಡಿದಳು. ನಾನೂ ಮೂವತ್ತು ವರ್ಷ ಹಾಗೆಯೇ ಮಾಡಿದೆ. ಮಕ್ಕಳ ಬಾಯಿಗೆ ಹೋಗುವ ಮೀನನ್ನು ಕೊಳಕಿನಲ್ಲಿ ಇಡುವವರು ಯಾರು? ಒಂಬತ್ತು ದಿನಗಳ ನಂತರ ಬಾನಿಯಲ್ಲಿ ಉಳಿದ ಮೀನು ನಮ್ಮ ಮನೆಗೇ ಸೇರುತ್ತದೆ. ವರ್ಷವಿಡೀ ನಾವು ತಿನ್ನುವುದು ಅದನ್ನೇ. ಪಂಜರದ ಮೀನೆಲ್ಲ ಕೆಳದಂಡೆಯ ಊರುಗಳಿಗೆ ಹೋಗುತ್ತದೆ.

ಮೀನು ಒಯ್ಯಲು ಅಲ್ಲಿಂದ ಬರುವವಳು ಮಲ್ಲವ್ವ. ಒರಟು ಬಾಯಿಯ, ಒಳ್ಳೆಯ ಮನಸ್ಸಿನ ಹೆಂಗಸು. ಹೋದ ಏರಿನ ಕೊನೆಗೆ ಒಂದು ದಿನ ಅವಳಿಗೆ ಚಹಾ ಕೊಟ್ಟೆ. ಒಲೆಯಿಂದ ಆಗತಾನೇ ಇಳಿಸಿ ಹಿತ್ತಾಳೆ ಲೋಟಕ್ಕೆ ಬಗ್ಗಿಸಿದ್ದೆ; ನಾನು ಅದನ್ನು ಅರಿವೆಯಲ್ಲಿ ಹಿಡಿದು ತಂದು ಅವಳೆದುರಿಗಿಟ್ಟೆ. ಅವಳು ಬರಿಗೈಯಲ್ಲಿ, ಅಂಗೈ ತುಂಬ ಹಿಡಿದಳು.

"ಚಾ ಆರಿ ಹೋಗೇತೆಲ್ಲವ್ವಾ ಚಂದ್ರಭಾಗಿ. ನಿಮ್ಮ ಮನ್ಯಾಗ ಒಲಿ ಹೊತ್ತಸೂದು ಬಿಟ್ಟೀರೇನು?"

"ಚಿಗವ್ವಾ, ಕೈ ಬಿಡು! ಸುಡತೈತಿ!" ಎಂದು ಇಂದುಮತಿ ಕೂಗಿ ಲೋಟವನ್ನು ತಳ್ಳಿಬಿಟ್ಟಳು.

ಮಲ್ಲವ್ವ ತನ್ನ ಅಂಗೈಯನ್ನು ಬೇರೆಯವರದೆಂಬಂತೆ ನೋಡಿದಳು. ಚರ್ಮ ಬೆಳ್ಳಗಾಗಿ ಏಳುತ್ತಿತ್ತು. ನಂತರ ನಕ್ಕಳು. "ನಮ್ಮೂರಾಗ ಈಗ ಎಲ್ಲಾರ ಕೈನೂ ಹಿಂಗ ಆಗ್ಯಾವ ತಗೋ. ಚೊಲೋನ ಆತು, ಹಿಡಿಯಾಕ ಅರಿವಿ ಬ್ಯಾಡ. ಸಣ್ಣ ಹುಡುಗ್ರು ನಡಕೋತ ನಡಕೋತ ಬೀಳತಾವು, ಕಾಲಿಗೆ ನೆಲಾ ಹತ್ತೂದ ಗೊತ್ತಾಗಂಗಿಲ್ಲ ಅವಕ್ಕ. ಮೀನಿಂದು ಅಂತ ಕೆಲವ್ರು ಗದ್ದಲಾ ಹಾಕಿದ್ರು. ನಾನ ಬೈದೆ ಅವ್ರನ್ನ. ಚಂದ್ರಭಾಗಿ ಮನ್ಯಾವ್ರು ದಿನಾ ಅದ ಮೀನ ತಿಂತಾರ, ಎಷ್ಟ ಗಟ್ಟಿ ಅದಾರ ನೋಡ್ರಿ ಅಂದೆ."

ಅವಳು ಹೋದ ಮೇಲೂ ಆ ಮಾತು ನನ್ನೊಳಗೆ ಉಳಿಯಿತು. ಅದೇ ಪಂಜರ, ಅದೇ ಮದ್ದು, ಅದೇ ಇಪ್ಪತ್ತೊಂದು ದಿನ. ಅವರ ಊಟಕ್ಕೂ ನಮ್ಮ ಊಟಕ್ಕೂ ಇದ್ದ ವ್ಯತ್ಯಾಸ ಅಂಗಳದ ಆ ಬಾನಿ ಮಾತ್ರ.

ಮರುದಿನ ದೋಣಿಯ ಉದ್ದನೆಯ ಗಳವನ್ನು ಆರನೆಯ ಪಂಜರದ ಪಕ್ಕದಲ್ಲಿ ಇಳಿಸಿ ನೋಡಿದೆ. ನನ್ನ ಅಜ್ಜಿಯ ಕಾಲದಲ್ಲಿ ಬಲೆಯ ತಳದಿಂದ ಕೆಸರಿನವರೆಗೆ ಎರಡಾಳು ನೀರಿತ್ತು. ಅಣೆಕಟ್ಟೆಗೆ ಹೂಳು ತುಂಬುತ್ತ ತುಂಬುತ್ತ ಕೆಸರು ಮೇಲೆದ್ದು ಬಂದಿದೆ. ಈಗ ಬಲೆಯ ತಳ ಕೆಸರಿನ ಮೇಲೆ ಕುಳಿತಿದೆ. ಗಳದ ತುದಿಗೆ ಹತ್ತಿದ ಕೆಸರನ್ನು ಮೂಸಿದೆ: ಸೀದ ಜೀರಿಗೆ. ಆ ಪಂಜರಕ್ಕೆ ಕೆಂಪು ಅರಿವೆ ಕಟ್ಟಿ ಹತ್ತೊಂಬತ್ತು ದಿನವಾಗಿತ್ತು. ಮೀನು ತಿನ್ನದೆ ಬಿಟ್ಟ ಮದ್ದಿನ ಮೇವು ವರ್ಷಗಟ್ಟಲೆ ಅಲ್ಲಿ ಪದರ ಪದರವಾಗಿ ಬಿದ್ದಿದೆ, ಮತ್ತು ಮೀನುಗಳು ಬಲೆಯ ಕಣ್ಣುಗಳಿಂದ ಅದನ್ನು ಹೆಕ್ಕುತ್ತಲೇ ಇವೆ. ಅವುಗಳಿಗೆ ಖಾಲಿ ದಿನಗಳು ಎಂದೂ ಶುರುವಾಗುವುದೇ ಇಲ್ಲ. ನಾವು ತೊಳೆದ ಬಾನಿಯಲ್ಲಿ, ಭಾವಿಯ ನೀರಿನಲ್ಲಿ ಇದ್ದ ಇಪ್ಪತ್ತು ಮೀನುಗಳು ಮಾತ್ರ ನಿಜವಾಗಿ ಇಪ್ಪತ್ತೊಂದು ದಿನ ಕಳೆದಿದ್ದವು. ಮೂರು ತಲೆಮಾರು ನಾವು ಶ್ರದ್ಧೆಯಿಂದ ತೊಳೆದು ತೊಳೆದು ಸಾಕ್ಷಿಯನ್ನು ಸುಳ್ಳು ಮಾಡಿದ್ದೆವು.

ಪರೀಕ್ಷಕರ ಹೆಸರು ಬಸಲಿಂಗ ಬಾಡಗಿ. ಅವರು ಕೆಟ್ಟವರಲ್ಲ, ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟದೆ ಹೋಗುವವರು. ಹಿಂದಿನ ಸಲ ಅವರು ಬಂದಾಗ ನಾನು ಕಂಡದ್ದನ್ನೆಲ್ಲ ಹೇಳಿ, ಮೀನನ್ನು ಪಂಜರದಿಂದಲೇ ತೆಗೆಯಲು ಕೇಳಿಕೊಂಡೆ.

"ಅವ್ವಾರ, ಬಾನ್ಯಾಗಿಂದ ತಗೀಬೇಕಂತ ನಿಯಮದಾಗ ಐತ್ರಿ" ಎಂದರು. "ನಾ ಮನಸಿಗೆ ಬಂದಲ್ಲಿ ಕೈ ಹಾಕಿದ್ರ, ನಾಳೆ ಇನ್ನೊಬ್ಬಾಂವ ಲಂಚಾ ತಗೊಂಡು ಕೈ ಹಾಕ್ತಾನ. ನಿಮಗ ಸಂಶೇ ಇದ್ರ ಸಂಶಯಪತ್ರ ಬರದು ಕೊಡ್ರಿ. ಪಂಜರದ ಮೀನು ಅಳತಿಮನಿಗೆ ಹೋಗತಾವು. ಒಂಬತ್ತ ದಿನಕ್ಕ ಫಲಾ ಬರತೈತಿ. ಅಲ್ಲೀತನಕ ತುತ್ತು ಮಾತ್ರ ಪಂಜರದಾಗಿಂದನ."

ಅಳತೆಮನೆ ಎಂದರೆ ಮೀನಿನೊಳಗಿನ ಮದ್ದನ್ನು ಅಳೆಯುವ ಜಾಗ. ಹಿಂದೆ ಕೆಲವರು ಬೆಲೆ ಏರಲೆಂದು ಸುಳ್ಳು ಸಂಶಯ ಬರೆದು ಮೀನನ್ನು ತಡೆಹಿಡಿಯುತ್ತಿದ್ದರಂತೆ. ಅದನ್ನು ನಿಲ್ಲಿಸಲು, ಫಲ ಬರುವವರೆಗೆ ಬರೆದವರ ಪ್ರೀತಿಯ ವ್ಯಕ್ತಿಯೇ ಪಂಜರದ ಮೀನು ತಿನ್ನಬೇಕೆಂಬ ಈ ಷರತ್ತು ಸೇರಿತು.

"ಅಕಿ ಬದ್ಲಿ ನಾ ತಿಂತೀನ್ರಿ ಸಾಹೇಬ್ರ."

"ಎಲ್ಲಾ ತಾಯೇರೂ ಹಂಗ ಅಂತಾರ್ರೀ ಅವ್ವಾರ. ಅದಕ್ಕ ನೋಡ್ರಿ, ಪತ್ರದಾಗ ತಾಯೇರ ಹೆಸರು ಬರ್ಯಂಗಿಲ್ಲ." ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ.

ಒಂಬತ್ತು ತುತ್ತಿನಿಂದ ದೊಡ್ಡವರಿಗೆ ಏನೂ ಆಗಲಿಕ್ಕಿಲ್ಲ. ಮಲ್ಲವ್ವನ ಊರಿನವರು ಅದನ್ನು ವರ್ಷಗಟ್ಟಲೆ ತಿಂದಿದ್ದಾರೆ. ಆದರೆ ಹೊಟ್ಟೆಯೊಳಗಿನ ಮಗುವಿಗೆ ಎಷ್ಟು ತುತ್ತು ಸಾಕೆಂದು ಯಾರೂ ಬರೆದಿಟ್ಟಿಲ್ಲ. ನಾನು ಮಂಡಳಿಯ ಕಾಗದಗಳನ್ನೆಲ್ಲ ಹುಡುಕಿದೆ. ಇಪ್ಪತ್ತೊಂದು ಎಂಬ ಅಂಕಿ ಎಲ್ಲ ಕಡೆ ಇದೆ. ಅದು ಎಷ್ಟು ಆಳದ ನೀರಿಗೆ, ಎಂಥ ತಳಕ್ಕೆ ಹಾಕಿದ ಲೆಕ್ಕ ಎಂಬುದು ಎಲ್ಲಿಯೂ ಇಲ್ಲ.

ಸುಮ್ಮನಿರಬಹುದೆಂದು ಹಲವು ದಿನ ಯೋಚಿಸಿದೆ. ಸುಮ್ಮನಿದ್ದರೆ ನನ್ನ ಮಗಳು ಬಾನಿಯ ಶುದ್ಧ ಮೀನು ತಿನ್ನುತ್ತಾಳೆ, ಮೊಮ್ಮಗು ನೆಲಕ್ಕೆ ಕಾಲಿಟ್ಟರೆ ನೆಲ ಅದಕ್ಕೆ ತಿಳಿಯುತ್ತದೆ. ಕೆಳದಂಡೆಯಲ್ಲಿ ಇನ್ನಷ್ಟು ಮಕ್ಕಳು ಬೀಳುತ್ತಾರೆ. ನಿನ್ನೆ ಮಧ್ಯಾಹ್ನ ಇಂದುಮತಿಗೆ ಎಲ್ಲವನ್ನೂ ಹೇಳಿದೆ. ಅವಳು ಬುಟ್ಟಿಯಲ್ಲಿದ್ದ ಮೆಂತ್ಯದ ಸೊಪ್ಪನ್ನು ಸೋಸಿ ಮುಗಿಸಿದಳು.

"ಬರದು ಕೊಡು ಯವ್ವಾ. ನಾ ತಿಂತೀನಿ. ಆದ್ರ ತಿನ್ನೂ ಮುಂದ ನೀ ನನ್ನ ಮಾರಿ ನೋಡಬ್ಯಾಡ."

ಸಂಶಯಪತ್ರ ಬರೆದಾಗಿದೆ. ಈ ಹಾಳೆಯ ಪಕ್ಕದಲ್ಲಿಯೇ ಇದೆ. ಬಸಲಿಂಗ ಬಾಡಗಿಯವರು ದೋಣಿಯಿಂದ ಇಳಿದ ಕೂಡಲೇ ಅದನ್ನು ಅವರ ಕೈಗೆ ಕೊಡುತ್ತೇನೆ. ಅದಕ್ಕೂ ಮೊದಲು ನನಗಿರುವ ಒಂದೇ ದಾರಿ ನೀವು.

ನೀವು ಈ ನಿಯಮವನ್ನು ಇನ್ನೂ ಬರೆದಿಲ್ಲ. ನಿಮ್ಮ ಜೀವಮಾನದಲ್ಲಿಯೇ ಕೆಲವರು ಒಂದು ಕೋಣೆಯಲ್ಲಿ ಕುಳಿತು ಅದರ ಕರಡು ಮಾಡುತ್ತಾರೆ. ಆ ಸಭೆಯ ಟಿಪ್ಪಣಿಯನ್ನು ಓದಿದ್ದೇನೆ. ಅವರು ದುಷ್ಟರಲ್ಲ. ಪಂಜರದವರೆಗೆ ಹೋಗಲು ಇಲಾಖೆಯ ದೋಣಿ ಯಾವಾಗಲೂ ಸಿಗುವುದಿಲ್ಲವೆಂದು ಒಬ್ಬರು ಹೇಳುತ್ತಾರೆ, ಉಳಿದವರು ಒಪ್ಪುತ್ತಾರೆ. ಆಗ ಆರನೆಯ ಕಲಮಿನಲ್ಲಿ ಒಂದು ಸಾಲು ಸೇರುತ್ತದೆ: "ಪರೀಕ್ಷೆಯ ಮೀನನ್ನು ಸಾಕುವವರೇ ಪ್ರತ್ಯೇಕವಾಗಿ ತೆಗೆದಿಟ್ಟು ಒದಗಿಸತಕ್ಕದ್ದು." ನಮ್ಮ ಕಲ್ಲಬಾನಿ ಹುಟ್ಟಿದ್ದು ಆ ಸಾಲಿನಿಂದ. ನೀವು ಆ ಕೋಣೆಯಲ್ಲಿ ಕುಳಿತವರಾಗಿರಬಹುದು, ಅವರಿಗೆ ಚಹಾ ತಂದುಕೊಡುವವರಾಗಿರಬಹುದು, ಸಲಹೆ ಕಳಿಸಿರೆಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿ ಮಡಚಿಟ್ಟವರಾಗಿರಬಹುದು. ಯಾರೇ ಆಗಿರಿ, ಆ ಸಾಲನ್ನು ಹೊಡೆದುಹಾಕಿಸಿ. ಮೀನನ್ನು ಪಂಜರದಿಂದಲೇ, ಹೊರಗಿನವರ ಕೈಯಿಂದ, ದಿನ ತಿಳಿಸದೆ ಎತ್ತಿಸಿ ಅಳತೆಮನೆಗೆ ಕಳಿಸಿ. ದೋಣಿ ಇಲ್ಲದಿದ್ದರೆ ದೋಣಿ ಕೊಡಿಸಿ. ಒಂದು ಅಂಕಿ ಬರೆದರೆ ಅದರ ಕಾರಣವನ್ನೂ ಪಕ್ಕದಲ್ಲಿ ಬರೆಯಿರಿ, ತಳ ಮೇಲೆದ್ದಾಗ ನಮ್ಮಂಥವರಿಗೆ ಅದು ಬೇಕಾಗುತ್ತದೆ. ಮನುಷ್ಯರ ಬಾಯಿಯನ್ನು ಅಳತೆಗೋಲು ಮಾಡಬೇಡಿ.

ನೀವು ಹಾಗೆ ಮಾಡಿದರೆ ಅಂಗಳದಲ್ಲಿ ಬಾನಿ ಇರುವುದಿಲ್ಲ. ಬಾನಿ ಇಲ್ಲದಿದ್ದರೆ ತುತ್ತೂ ಇಲ್ಲ, ಸಂಶಯಪತ್ರವೂ ಇಲ್ಲ. ನಾನು ತಲೆಯೆತ್ತಿದಾಗ ಅಲ್ಲಿ ಬರೀ ನೆಲ ಕಂಡರೆ ನೀವು ಓದಿದಿರಿ ಎಂದು ತಿಳಿದುಕೊಳ್ಳುತ್ತೇನೆ. ನಿಮ್ಮ ಹೆಸರು ನನಗೆ ಗೊತ್ತಿರುವುದಿಲ್ಲ, ಆದರೂ ಬದುಕಿರುವವರೆಗೆ ನೆನೆಯುತ್ತೇನೆ.

ದೋಣಿಯ ಸದ್ದು ಕೇಳಿಸುತ್ತಿದೆ. ಇಂದುಮತಿ ತಲೆ ಬಾಚಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಹಾಳೆ ತುಂಬಿತು. ಇಷ್ಟು ಬರೆದು ಕಿಟಕಿಯ ಹೊರಗೆ ನೋಡಿದೆ.

ಬಾನಿ ಇನ್ನೂ ಅಲ್ಲಿಯೇ ಇದೆ. ಅದರಲ್ಲಿ ನೀರು ತಿಳಿಯಾಗಿದೆ.